ಕೆಳಗಿನ ಮನೆಯ ತವರು

ನಿನ್ನೆ ಕುಂಬಾರಕೊಪ್ಪಲಿನ ತರಕಾರಿ ಅಂಗಡಿಯಲ್ಲಿ ಒಂದು ಬೂದುಗುಂಬಳಕಾಯಿ ಎತ್ತಿಕೊಂಡೆ. ಎಡಗೈ ತಾನಾಗಿಯೇ ಅದರ ಕತ್ತಿನ ಕೆಳಗೆ ಹೋಯಿತು. ಕುಂಬಳಕಾಯಿಗೆ ಎಲ್ಲಿಯ ಕತ್ತು! "ಏನಕ್ಕಾ, ಮಗು ಎತ್ಕೊಂಡಂಗೆ ಎತ್ಕೊಂಡಿದ್ದೀರ?" ಎಂದು ಅಂಗಡಿಯವಳು ನಕ್ಕಳು. ಕಾಯಿಯ ಬೂದಿ ಸೆರಗಿಗೆಲ್ಲ ಅಂಟಿತ್ತು. ಕೆಳಗಿನ ಮನೆಯ ಮಿಸ್ ನೆನಪಾಗಿ ನನಗೂ ನಗು ಬಂತು, ಆಮೇಲೆ ಆ ನಗು ಎಲ್ಲಿಗೋ ಹೋಯಿತು…

ಅವರು ಕೆಳಗಿನ ಮನೆಯ ಒಡತಿ, ನಾವು ಮೇಲಿನ ಬಾಡಿಗೆಯವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಬೀದಿಗೆಲ್ಲ ಮಿಸ್. ಮದುವೆ ಮಾಡಿಕೊಂಡಿರಲಿಲ್ಲ. ಗೇಟು ಜೋರಾಗಿ ಹಾಕಿದರೆ ಒಳಗಿನಿಂದಲೇ ಗದರುತ್ತಿದ್ದರು. ನಾನೋ, ಅವರ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುವ ಗಿರಾಕಿ.

ಆಗ ನಾನು ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುತ್ತಾರಲ್ಲ, ಕಂಡವರೆಲ್ಲ ಅದನ್ನೇ ಕೇಳುತ್ತಿದ್ದರು: "ಯಾವಾಗಮ್ಮ ಅಮ್ಮನ ಮನೆಗೆ?" ನನ್ನ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು, ಅಪ್ಪನೂ ಹಿಂದೆಯೇ ಹೋಗಿದ್ದರು. ಅತ್ತೆ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಹೆರಿಗೆಯ ನೋವಿಗಿಂತ ನನಗೆ ಆಮೇಲಿನದರ ಹೆದರಿಕೆ. ಆ ಪುಟ್ಟ ಜೀವವನ್ನು ಹೇಗೆ ಎತ್ತಬೇಕು, ಹಸಿ ಮೈಯಲ್ಲಿ ನನ್ನ ತಲೆಗೆ ನೀರು ಹಾಕುವವರು ಯಾರು… ಒಂದು ದಿನ ಯಾರೋ ಮತ್ತೆ ಅದೇ ಪ್ರಶ್ನೆ ಕೇಳಿದಾಗ ತಡೆಯಲಾಗದೆ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಮಿಸ್ ಬಾಗಿಲು ತೆರೆದರು. ಸಮಾಧಾನ ಗೀಮಾಧಾನ ಏನಿಲ್ಲ. "ನಮ್ಮನೆಗೆ ಬಾ, ನಾನು ಮಾಡ್ತೀನಿ," ಎಂದರು.

"ನಿಮಗೆ ಬಾಣಂತನ ಮಾಡೋಕೆ ಗೊತ್ತಾ ಮಿಸ್?"

"ಗೊತ್ತಿಲ್ಲ ಕಣಮ್ಮ. ಕಲ್ತ್ಕೋತೀನಿ. ಇನ್ನೂ ಟೈಮಿದೆಯಲ್ಲ."

ಕಲಿತರು ಕಣ್ರೀ, ನಿಜವಾಗಿ ಕಲಿತರು! ಯಾರ ಜೊತೆಗೂ ಹೆಚ್ಚು ಮಾತಾಡದಿದ್ದ ಹೆಂಗಸು, ಎಳೆಗೂಸಿದ್ದ ಮನೆಗಳಿಗೆ ತಾವಾಗಿಯೇ ಹೋಗಿ "ಸ್ವಲ್ಪ ನೋಡ್ಲಾ?" ಎಂದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಾಣಂತಿಯರಿಗೆ ಕೊಡುವ ಖಾರವನ್ನು ಕುಟ್ಟಿ, ಮೊದಲು ತಾವೇ ತಿಂದು ಹೊಟ್ಟೆ ಉರಿ ಹತ್ತಿಸಿಕೊಂಡರು. ತಮ್ಮ ಮೆತ್ತನೆಯ ಹಳೇ ಸೀರೆಗಳನ್ನು ಕುದಿಸಿ ಒಣಗಿಸಿ, ಮಗುವಿನ ಬಟ್ಟೆಗೆಂದು ಹರಿದು ಮಡಿಸಿಟ್ಟರು.

ಒಂದು ಮಧ್ಯಾಹ್ನ ಹೆಪ್ಪಿಗೆ ಮೊಸರು ಕೇಳಲು ಕೆಳಗೆ ಹೋದೆ. ಬಚ್ಚಲಲ್ಲಿ ಮಿಸ್ ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ನೀಡಿ ಕುಳಿತಿದ್ದಾರೆ. ಕಾಲ ಮೇಲೆ ಬೂದುಗುಂಬಳಕಾಯಿ! ಒಂದು ಕೈಯಲ್ಲಿ ಚೊಂಬಿನಿಂದ ನೀರು ಹೊಯ್ಯುತ್ತ, ಇನ್ನೊಂದು ಅಂಗೈಯನ್ನು ಅದರ ಹಣೆಗೆ ಅಡ್ಡ ಹಿಡಿದಿದ್ದಾರೆ, ಕಣ್ಣಿಗೆ ನೀರು ಹೋಗದ ಹಾಗೆ. ನಾನು ಗೊಳ್ಳೆಂದು ನಕ್ಕೆ.

"ನಗಬೇಡ. ಬೆಳಿಗ್ಗೆ ಒಂದು ಜಾರಿ ಬಿದ್ದು ಒಡೆದುಹೋಯ್ತು," ಎಂದರು ಮಿಸ್, ತಲೆ ಎತ್ತದೆ. "ಬೀಳೋದೆಲ್ಲ ಈಗಲೇ ಬಿದ್ದುಹೋಗಲಿ."

ಹೆರುವುದು ನನ್ನ ಮೈಗಾದರೂ ಗೊತ್ತಿತ್ತು. ಅವರಿಗೆ ಏನೆಂದರೆ ಏನೂ ಗೊತ್ತಿರಲಿಲ್ಲ, ಆದರೂ ಆ ವಯಸ್ಸಿನಲ್ಲಿ ಒದ್ದೆ ನೆಲದ ಮೇಲೆ ಕುಳಿತು ಅಮ್ಮನಾಗುವುದನ್ನು ಅಭ್ಯಾಸ ಮಾಡುತ್ತಿದ್ದರು. ಆ ದಿನ ನಮ್ಮೆರಡೂ ಮನೆಯಲ್ಲಿ ಕುಂಬಳಕಾಯಿ ಮಜ್ಜಿಗೆಹುಳಿ.

ಒಂಬತ್ತನೇ ತಿಂಗಳಿಗೆ ನಾನು ಕೆಳಗಿಳಿದು ಹೋದರೆ ಆಗುತ್ತಿತ್ತು. ಮಿಸ್ ಒಪ್ಪಲಿಲ್ಲ. ತವರಿನವರು ಬಂದು ಕರೆದೊಯ್ಯಬೇಕು. ಹಣ್ಣು, ಹೂವು, ರವಿಕೆ ಕಣದ ತಟ್ಟೆ ಹಿಡಿದು ಆಟೋದಲ್ಲಿ ಒಂದು ಸುತ್ತು ಹೋಗಿ ಬಂದು, ನಮ್ಮದೇ ಗೇಟಿನ ಮುಂದೆ ಇಳಿದು, ಮೆಟ್ಟಿಲು ಹತ್ತಿ, ನನ್ನ ಅತ್ತೆಯ ಮಂಚದ ಬಳಿ ನಿಂತು "ನಮ್ಮ ಹುಡುಗೀನ ಕಳಿಸಿಕೊಡಿ," ಎಂದು ಕೇಳಿದರು. ಬಾಯಿಬಡುಕಿ ಅತ್ತೆ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

ನನ್ನನ್ನು ಕೂರಿಸಿಕೊಂಡು ಆಟೋ ಮತ್ತೊಂದು ಸುತ್ತು ಹೊರಟಿತು. "ಹತ್ತಿದ್ದೂ ಇದೇ ಮನೆ, ಇಳಿಯೋದೂ ಇದೇ ಮನೇನಾ? ಅಂಗಾದ್ರೆ ಎಲ್ಲಿಗೆ ಹೋಗ್ತಿರೋದ್ ನಾವು?" ಎಂದ ಡ್ರೈವರ್.

"ತವರಿಗಪ್ಪ. ಹಂಪ್ ನೋಡ್ಕೊಂಡು ನಿಧಾನವಾಗಿ ಹೋಗು," ಎಂದರು ಮಿಸ್.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಸ್ನಾನಕ್ಕೆ ಮಿಸ್ ಅದೇ ಮಣೆಯ ಮೇಲೆ ಕುಳಿತರು. ನೀರು ಸೋಕಿದ್ದೇ ತಡ, ಮಗು ಕಿಟಾರನೆ ಕಿರುಚಿತು. ಕುಂಬಳಕಾಯಿ ಕಿರುಚಿರಲಿಲ್ಲವಲ್ಲ! "ಅಯ್ಯೋ, ಅಳ್ತಿದೆ ಕಣೇ!" ಎಂದು ಮಿಸ್ ಬೆವತುಹೋದರು. ಆದರೆ ಕೈ ಮಾತ್ರ ಅಲುಗಲಿಲ್ಲ. ಆ ಕೈಯನ್ನು ನೋಡುತ್ತ ಬಾಗಿಲಿಗೊರಗಿ ನಿಂತಿದ್ದೆ. ತಿಂಗಳುಗಟ್ಟಲೆ ನನ್ನೊಳಗೆ ಕೂತಿದ್ದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಮಿಸ್ ಹೋದರು. ಹುಷಾರಿಲ್ಲ ಎಂದು ಮಲಗಿದವರು ಏಳಲೇ ಇಲ್ಲ… ದೂರದಿಂದ ಬಂದ ಅವರ ಅಣ್ಣನ ಮಗ "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದ. "ಮೇಲಿನ ಮನೆ ಬಾಡಿಗೆಯವರು," ಎಂದರು ನನ್ನ ಗಂಡ. ನಾನು ಸುಮ್ಮನಿರಲಿಲ್ಲ. "ಇದು ನನ್ನ ತವರುಮನೆ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಇನ್ನೇನು ಗೌರಿ ಹಬ್ಬ ಬಂತು. ಮಗಳು ಹುಟ್ಟಿದ ವರ್ಷದಿಂದ ಮಿಸ್ ಪ್ರತಿ ಹಬ್ಬಕ್ಕೂ ಮೊರದ ಬಾಗಿನ ಹಿಡಿದು, ಮಂಡಿ ನೋವಿದ್ದರೂ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನೇ ಕೆಳಗೆ ಬರುತ್ತೇನೆಂದರೆ ಬೈಯುತ್ತಿದ್ದರು, ತವರಿನವರು ತಂದುಕೊಡಬೇಕು ಕಣಮ್ಮ ಎಂದು. ಈಗ ಕೆಳಗಿನ ಮನೆಗೆ ಬೀಗ ಹಾಕಿದೆ. ಈ ಸಲದ ಗೌರಿಗೆ ನನಗೆ ತವರಿಲ್ಲ.