ಹನುಮಕ್ಕನ ಗ್ರಹಣ

ಚಾಮರಾಜಪೇಟೆಯ ಹನುಮಕ್ಕನಿಗೆ ಗ್ರಹಣ ಎಂದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಅವತ್ತು ಉಪವಾಸ. ರೂಮಿನ ಬಾಗಿಲು ಹಾಕಿಕೊಂಡು ಕೂತರೆ ಗ್ರಹಣ ಬಿಡುವವರೆಗೂ ಹೊರಗೆ ಬರುವ ಮಾತಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ಜಗಳಕ್ಕೆ ಬಂದವರನ್ನೆಲ್ಲ ಮಾತಿನಲ್ಲೇ ತಣ್ಣಗೆ ಮಾಡಿ ಕಳಿಸಿ, ಈಗ ನಿವೃತ್ತಳಾಗಿರುವ ಗಟ್ಟಿಗಿತ್ತಿ ಆಕೆ. ಈ ಒಂದು ವಿಷಯಕ್ಕೆ ಬಂದರೆ ಮಾತ್ರ ಬೆಕ್ಕಿನ ಮರಿ.

ಕಾರಣ ಮಗಳು ವಿಶಾಖಾ. ಅವಳು ಹೊಟ್ಟೆಯಲ್ಲಿದ್ದಾಗ ಸೂರ್ಯಗ್ರಹಣ ಹಿಡಿದಿತ್ತು. ಒಳಗೇ ಇರು ಎಂದು ಅತ್ತೆ ತಿಮ್ಮಕ್ಕ ತಾಕೀತು ಮಾಡಿದ್ದರು. ಅಷ್ಟರಲ್ಲಿ ಗಾಳಿ ಎದ್ದು, ತಾರಸಿಯ ಮೇಲೆ ಒಣಹಾಕಿದ್ದ ಸೀರೆ ಹಾರಿಹೋಗುವಂತಾಯಿತು. ಹನುಮಕ್ಕ ಓಡಿಹೋಗಿ ಹಿಡಿದು ತಂದಳು. ಸೀರೆ ಯಾರದ್ದು? ಅತ್ತೆಯದೇ! ಮಗು ಹುಟ್ಟಿತು, ಕೈಕಾಲು ಗಿಡ್ಡ. ಬೆಳೆದರೂ ಎತ್ತರ ಬರುವುದಿಲ್ಲ ಎಂದರು ಡಾಕ್ಟರು. ಗ್ರಹಣದಲ್ಲಿ ಹೊರಗೆ ಹೋದದ್ದಕ್ಕೇ ಹೀಗಾಯಿತು ಎಂದು ತಿಮ್ಮಕ್ಕ ಬಂದವರಿಗೆಲ್ಲ ಹೇಳಿದರು. ಗಂಡ ಚಲುವರಾಜು ಲೈನ್‌ಮನ್. ಊರಿನ ಕರೆಂಟು ಕಂಬವನ್ನೆಲ್ಲ ಹತ್ತಿಳಿದ ಮನುಷ್ಯ, ಅಮ್ಮನ ಎದುರು ಮಾತ್ರ ಬಾಯಿ ಬಿಡಲಿಲ್ಲ. ಮಗಳಿಗೆ ನಲ್ಲಿ ಎಟುಕಲೆಂದು ಒಂದು ಮರದ ಸ್ಟೂಲು ಮಾಡಿಕೊಟ್ಟು ಸುಮ್ಮನಾದ. ಆ ಮೌನವೇ ಹನುಮಕ್ಕನಿಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು. ಬರುಬರುತ್ತ ತಪ್ಪು ತನ್ನದೇ ಎಂದು ಆಕೆಯೂ ನಂಬಿಬಿಟ್ಟಳು.

ವಿಶಾಖಾ ಚೆನ್ನಾಗಿ ಓದಿ, ಶಂಕರಪುರಂನ ಬ್ಯಾಂಕೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಕೆಲಸಕ್ಕಿದ್ದ ಸತೀಶನನ್ನು ಮೆಚ್ಚಿ ಮದುವೆಯಾದಳು. ಈಗ ಬಸುರಿ. ಎಲ್ಲರೂ ಸಿಹಿ ತಿಂದರು, ಹನುಮಕ್ಕನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಮೊಮ್ಮಗುವಿಗೂ ತನ್ನ ಪಾಪ ಅಂಟಿತೇ? ಅಮ್ಮ ಸೊರಗುವುದನ್ನು ನೋಡಲಾರದೆ ವಿಶಾಖಾ, ವಂಶವಾಹಿಗಳ ವಿಚಾರ ನೋಡುವ ಡಾಕ್ಟರ್ ಯಶಶ್ರೀ ಬಳಿಗೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋದಳು.

ಹನುಮಕ್ಕ ಗ್ರಹಣದ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಡಾಕ್ಟರು ನಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು. ದೇಹ ಹೇಗೆ ಬೆಳೆಯಬೇಕೆಂಬ ಉದ್ದನೆಯ ಬರಹ ನಮ್ಮ ಜೀವಕೋಶಗಳಲ್ಲಿದೆ, ಕೋಶ ಎರಡಾಗುವಾಗ ಅದೂ ನಕಲಾಗುತ್ತದೆ, ಆಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುವುದುಂಟು. ಅಂಥ ಹತ್ತಾರು ಹೊಸ ಬದಲಾವಣೆ ಇಟ್ಟುಕೊಂಡೇ ಪ್ರತಿಯೊಬ್ಬರೂ ಹುಟ್ಟುತ್ತೇವೆ, ಬಹಳಷ್ಟು ಏನೂ ಮಾಡುವುದಿಲ್ಲ. ವಿಶಾಖಾಳಲ್ಲಿ ಅದು ಮೂಳೆಯ ಬೆಳವಣಿಗೆಗೆ ಕಡಿವಾಣ ಹಾಕುವ ಜಾಗದಲ್ಲಿ ಆಯಿತು. ಅವಳ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದರು.

"ಈ ಬದಲಾವಣೆ ಹೊಸದಾಗಿ ಆದಾಗ ಸಾಮಾನ್ಯವಾಗಿ ತಂದೆ ಕಡೆಯಿಂದಾನೇ ಬರುತ್ತೆ. ಗಂಡಸರಲ್ಲಿ ವೀರ್ಯಾಣು ತಯಾರಾಗೋ ಕಡೆ ಈ ನಕಲು ಜೀವನಪೂರ್ತಿ ನಡೀತಿರುತ್ತೆ, ವಯಸ್ಸಾದಷ್ಟೂ ಸಾಧ್ಯತೆ ಜಾಸ್ತಿ. ಹಾಗಂತ ಯಾರೂ ಬೇಕೂಂತ ಮಾಡೋದಲ್ಲ."

ತಂಗಿಯರ ಮದುವೆಯೆಲ್ಲ ಮುಗಿಸಿ, ನಲವತ್ತು ದಾಟಿದ ಮೇಲೆ ಮದುವೆಯಾದವನು ಚಲುವರಾಜು. ಅವನ ಮುಖ ಬಿಳುಚಿಕೊಂಡಿತು. ಹನುಮಕ್ಕನಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು! ಅತ್ತೆಗೆ ಕೇಳಿಸೋಣವೆಂದರೆ ಅವರು ಎಂದೋ ಗೋಡೆಯ ಮೇಲಿನ ಫೋಟೋ ಆಗಿದ್ದರು. ಗಂಡನಿದ್ದನಲ್ಲ, ಮನೆ ಸೇರುತ್ತಲೇ ಶುರುಮಾಡಿದಳು. ಇಷ್ಟು ವರ್ಷ ನಾನು ಹೊತ್ತದ್ದನ್ನು ಇನ್ನು ನೀವು ಹೊರಿ ಎಂದಳು. ಅಮ್ಮನ ಬಾಯಿಯನ್ನು ಅವತ್ತೇ ಮುಚ್ಚಿಸಬೇಕಿತ್ತು ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದ.

ಹೊಸಿಲಲ್ಲೇ ನಿಂತಿದ್ದ ವಿಶಾಖಾ ಬ್ಯಾಗು ಕೆಳಗಿಟ್ಟಳು.

"ಅಮ್ಮ, ನಾನೇನು ತಪ್ಪಾ? ನಾನು ಹುಟ್ಟಿದಾಗಿಂದ ಯಾರು ಮಾಡಿದ್ದು, ಯಾರು ಮಾಡಿದ್ದು ಅಂತ ಹುಡುಕ್ತಾನೇ ಇದೀರಲ್ಲ."

ಹನುಮಕ್ಕ ಮಗಳತ್ತ ತಿರುಗಿದಳು. ಗ್ರಹಣ ಬಂದಾಗಲೆಲ್ಲ ತಾನು ಬಾಗಿಲು ಹಾಕಿಕೊಂಡು ಅತ್ತದ್ದನ್ನು ಈ ಹುಡುಗಿ ಆಚೆ ಕೂತು ಕೇಳಿಸಿಕೊಂಡೇ ಬೆಳೆದಿದ್ದಳು. ಅದು ಆಗ ಹೊಳೆಯಿತು. ಮಗಳ ಕೈ ಹಿಡಿದುಕೊಂಡು ಕೂತಳು.

ಏಳು ತಿಂಗಳಾದಾಗ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕೈಕಾಲೂ ಗಿಡ್ಡವಿರುವುದು ಕಂಡಿತು. ಫೋನ್ ಮಾಡಿ ತಿಳಿಸಿದವನು ಸತೀಶ. ಚಲುವರಾಜು ಬೈಗುಳಕ್ಕೆ ಕಾದವನ ಹಾಗೆ ಹೆಂಡತಿಯ ಮುಖ ನೋಡಿದ. ಹನುಮಕ್ಕ ಎದ್ದು ಹೋಗಿ, ಅಟ್ಟದಲ್ಲಿದ್ದ ಮಗಳ ಆ ಮರದ ಸ್ಟೂಲು ಇಳಿಸಿ, ಸೆರಗಿನಿಂದ ಧೂಳು ಒರೆಸಿ ಅವನ ಮುಂದಿಟ್ಟಳು.

"ಒಂದು ಕಾಲು ಅಲ್ಲಾಡ್ತಿದೆ ನೋಡಿ," ಎಂದಳು. "ಮಗು ಬರೋದ್ರೊಳಗೆ ಸರಿಮಾಡಿಬಿಡಿ."