ಟಿಕೆಟ್ ಇದ್ದವರನ್ನೇ ಇಳಿಸುವ ಬಸ್ಸು

ಕಂಡಕ್ಟರಮ್ಮ ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಬದುಕಿದವಳು. ನಿವೃತ್ತಿಯ ದಿನ ಡಿಪೋದ ಸಾಹೇಬರು ಕೊಟ್ಟ ಗೋಡೆ ಗಡಿಯಾರ ಆರೇ ತಿಂಗಳಿಗೆ ನಿಂತುಹೋಯಿತು. ಅವಳೇ ಹಟ ಮಾಡಿ ಕೇಳಿ ತಂದ, ಟಿಕೆಟ್ಟಿಗೆ ತೂತು ಹಾಕುವ ಪಂಚು ಮಾತ್ರ ಇವತ್ತಿಗೂ ಕಟಕ್ ಎನ್ನುತ್ತದೆ. ಮಂಡಿ ಎರಡೂ ಸವೆದಿವೆ. ಮೂರನೇ ಮಹಡಿಯಿಂದ ಕೆಳಗಿಳಿಯುವುದು ತಿಂಗಳಿಗೊಮ್ಮೆ, ಅದೂ ಆಸ್ಪತ್ರೆಗೆ.

ಹೀಗೆ ಮೂಲೆ ಹಿಡಿದವಳಿಗೆ ಟಿವಿ ರಿಪೇರಿ ಮಾಡುವ ಅವಳ ತಮ್ಮ, ಹಳೆಯ ಬಿಡಿಭಾಗಗಳಲ್ಲೇ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟ. ಅವಳು ಅಂಗಡಿಯಿಂದ ಗೇಮೊಂದನ್ನು ತರಿಸಿಕೊಂಡಳು. ಬರೀ ಬಯಲಿನಲ್ಲಿ ಊರು ಕಟ್ಟಿ ಬಸ್ಸು ಓಡಿಸುವ ಆಟ. ನೆಲಮಹಡಿಯ ಜೆರಾಕ್ಸ್ ಅಂಗಡಿಯವನು ಆಗಲೇ ಹೇಳಿದ್ದ, "ಅಂಗಡಿದ್ಯಾಕೆ ಕಂಡಕ್ಟರಮ್ಮ? ಬೀಗ ಒಡೆದಿರೋ ಕಾಪಿ ನನ್ಹತ್ರ ಇದೆ, ಪುಕ್ಕಟೆ."

"ಟಿಕೆಟ್ ಇಲ್ದೆ ಹತ್ತೋ ಜಾತಿ ನಿಂದು. ಇಳಿ ಕೆಳಗೆ!" ಎಂದು ಅವನನ್ನು ಬಾಗಿಲಿನಿಂದಲೇ ಅಟ್ಟಿದ್ದಳು.

ಎರಡು ವರ್ಷದಲ್ಲಿ ನಲವತ್ತೆರಡು ಮಾರ್ಗಗಳಾದವು. ಅವಳ ಊರಿನಲ್ಲಿ ಬಸ್ಸು ಆಸ್ಪತ್ರೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಇದನ್ನೇ ನಿಜವಾದ ಡಿಪೋದಲ್ಲಿ ಗಂಟಲು ಹರಿಯುವಂತೆ ಕೇಳಿದ್ದಳು. ಸಾಹೇಬರುಗಳ ಕಿವಿಗೆ ಹೋಗಿರಲಿಲ್ಲ. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಹೆಂಗಸರಿಗೆ ಬಸ್ಸಿತ್ತು. ಮುದುಕರಿಗೆ ನಿಲ್ದಾಣದಲ್ಲಿ ಬೆಂಚಿತ್ತು. ಕಾಲು ಹೋದ ಮೇಲೆ ಅವಳು ನಡೆದಾಡುತ್ತಿದ್ದುದೇ ಆ ಊರಿನಲ್ಲಿ.

ಗೇಮಿನ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ಅದರ ಮೇಲೆ ಇಪ್ಪತ್ತೈದು ಅಕ್ಷರಗಳ ಕೋಡು. ಅದನ್ನು ಹೊಡೆದರೆ ಮಾತ್ರ ಆಟ ಬಾಗಿಲು ತೆರೆಯುತ್ತದೆ. ಮೊದಲ ದಿನ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಒತ್ತಿದಳು. ತೆರೆಯಿತು. ತಕ್ಷಣ ಪಂಚು ತೆಗೆದು ಚೀಟಿಗೆ ಕಟಕ್ ಎನ್ನಿಸಿದಳು. ಬಳಸಿದ ಟಿಕೆಟ್ಟಿಗೆ ತೂತು ಬೀಳಬೇಕು, ಇಲ್ಲದಿದ್ದರೆ ಅದೇ ಟಿಕೆಟ್ಟಿನಲ್ಲಿ ಇನ್ನೊಬ್ಬ ಹತ್ತುತ್ತಾನೆ. ತಲೆ ಹೇಳಿದ್ದಲ್ಲ, ಕೈಯೇ ಮಾಡಿದ ಕೆಲಸ. ಆ ಗೇಮಿನ ಕಂಪನಿಯ ಮಾಲು ಕಳುವಾಗದಂತೆ ಸಂಬಳವಿಲ್ಲದೆ ಕಾವಲು ಕಾಯ್ದವಳು ಯಾರಾದರೂ ಇದ್ದರೆ ಇವಳೇ.

ಹೀಗಿರುವಾಗ ಒಂದು ದಿನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ತಮ್ಮ ಬೇರೆಯದನ್ನು ಹಾಕಿದ; ಅವಳ ಊರಿದ್ದ ಡಿಸ್ಕಿಗೆ ಏನೂ ಆಗಿರಲಿಲ್ಲ. ಗೇಮು ತೆರೆದರೆ ಊರಿಲ್ಲ, ಒಂದು ಸಾಲು ಮಾತ್ರ: ಇದು ಬೇರೆ ಕಂಪ್ಯೂಟರ್, ಕೋಡ್ ನಮೂದಿಸಿ.

"ಚೀಟಿ ಕೊಡಕ್ಕ. ಇದೇನಿದು, ಇಲಿ ಕಚ್ಚಿದೆಯಾ?"

"ಇಲಿ ಅಲ್ಲ ಕಣೋ, ನಾನೇ. ಪಂಚ್ ಮಾಡಿದೆ."

"ಅಯ್ಯೋ ನಿನ್ನ! ಇದಕ್ಕೆ ಯಾರಾದ್ರೂ ಪಂಚ್ ಹೊಡೀತಾರಾ? ಎರಡಕ್ಷರ ಹಾರಿಹೋಗಿದೆ."

"ಒಂದ್ಸಲ ತೋರಿಸಿದ ಟಿಕೆಟ್ಟನ್ನ ಮತ್ತೆ ಯಾಕೋ ಕೇಳ್ತಾರೆ? ಬಸ್ಸಿಗೆ ಹೊಸ ಟೈರ್ ಹಾಕಿದ್ರೆ ಒಳಗೆ ಕೂತೋರೆಲ್ಲ ಇಳಿದು ಮತ್ತೆ ಟಿಕೆಟ್ ತಗೋಬೇಕಾ?"

ತಮ್ಮನೇ ಡಬ್ಬಿ, ಬಿಲ್ಲು, ಚೀಟಿ ಮೂರರ ಫೋಟೋ ತೆಗೆದು ಕಂಪನಿಗೆ ಕಳಿಸಿದ. ಅಲ್ಲಿ ಜೇನು ಸುರಿಯುವ ದನಿಯೊಂದಿತ್ತು. ನಾಲ್ಕನೇ ದಿನ ಆ ದನಿ ಫೋನ್ ಮಾಡಿತು.

"ಮೇಡಂ, ನಿಮ್ಮ ಕೋಡ್ ಕಾರ್ಡನ್ನ ಉದ್ದೇಶಪೂರ್ವಕವಾಗಿ ಹಾಳು ಮಾಡಲಾಗಿದೆ ಅಂತ ಬರ್ತಿದೆ."

"ಹಾಳಲ್ಲಮ್ಮ, ತೂತು. ಬೇರೆಯೋರು ಕದ್ದು ಹತ್ತಬಾರದು ಅಂತ ಹಾಕಿದ್ದು. ನಿಮ್ಮ ಒಳ್ಳೇದಕ್ಕೇ."

"ಅರ್ಥ ಆಗತ್ತೆ ಮೇಡಂ. ನಿಮಗೊಂದು ಫಾರಂ ಕಳಿಸಿದೀವಿ. ಒಪ್ಪಿಗೆ ಒತ್ತಿಬಿಡಿ, ಹತ್ತು ನಿಮಿಷದಲ್ಲಿ ಹೊಸ ಕೋಡ್ ಬರತ್ತೆ."

ತಮ್ಮನೇ ಫಾರಂ ತೆರೆದು ಓದಿದ. 'ಕೋಡನ್ನು ನಾನು ಇತರರೊಂದಿಗೆ ಹಂಚಿಕೊಂಡಿರಬಹುದು. ಇದಕ್ಕಾಗಿ ವಿಷಾದಿಸುತ್ತೇನೆ. ಮುಂದೆ ಹೀಗೆ ಮಾಡುವುದಿಲ್ಲ.'

ಕಂಡಕ್ಟರಮ್ಮನಿಗೆ ಈ ಕಾಗದದ ವಾಸನೆ ಗೊತ್ತಿತ್ತು. ಅವಳ ಕಾಲದಲ್ಲಿ ಹತ್ತೊಂಬತ್ತು ದಿನದ ಮುಷ್ಕರ ನಡೆದಾಗ, ಡಿಪೋದ ಗೇಟಿನಲ್ಲಿ ಮೇಜು ಹಾಕಿ ಇಂಥದ್ದೇ ಮುಚ್ಚಳಿಕೆ ಬರೆಸಿಕೊಂಡಿದ್ದರು: ತಪ್ಪಾಯಿತು, ಇನ್ನು ಮುಷ್ಕರಕ್ಕೆ ಇಳಿಯುವುದಿಲ್ಲ. ಬಹಳ ಜನ ಸಹಿ ಹಾಕಿ ಒಳಗೆ ಹೋದರು. ಇವಳು ಹಾಕದೆ ಎಂಟು ತಿಂಗಳು ಹೊರಗೆ ಕೂತು, ಸಹಿಯಿಲ್ಲದೆಯೇ ಒಳಗೆ ಹೋದಳು.

"ಒತ್ತಿಬಿಡಕ್ಕ," ಅಂದ ತಮ್ಮ. "ಯಾವನು ನೋಡ್ತಾನೆ? ನಿನ್ನೂರು ನಿನಗೆ ಸಿಗತ್ತೆ."

"ನನ್ನೂರಿಗೆ ಹೋಗೋಕೆ ನಾನು ಕಳ್ಳಿ ಅಂತ ಬರ್ಕೊಡ್ಬೇಕಾ?"

"ಮತ್ತೆ ಊರು ಬೇಡ್ವಾ?"

ಅವಳು ಮಂಡಿ ನೀವಿಕೊಳ್ಳುತ್ತ ಊರಿಲ್ಲದ ಪರದೆಯನ್ನು ನೋಡಿದಳು. ಈ ಬೀಗ ಹಾಕಿದ ಬುದ್ಧಿವಂತರನ್ನು ಏನೆನ್ನಬೇಕು? ಕಳ್ಳ ಕೆಳಗೆ ಆರಾಮಾಗಿ ಕಾಲು ಚಾಚಿ ಆಡುತ್ತಿದ್ದಾನೆ. ಅವನಿಗೆ ಚೀಟಿಯಿಲ್ಲ, ಕೋಡಿಲ್ಲ, ವಿಷಾದವೂ ಇಲ್ಲ. ಬಿಲ್ಲು ಜೋಪಾನ ಮಾಡಿಟ್ಟ ಮುದುಕಿಯ ಕೊರಳಪಟ್ಟಿ ಹಿಡಿದು ಎಳೆಯುತ್ತಾರೆ. ಇಂಥ ತನಿಖೆಯವನೊಬ್ಬ ಅವಳ ಬಸ್ಸು ಹತ್ತಿದ್ದರೆ ಮುಂದಿನ ನಿಲ್ದಾಣದಲ್ಲೇ ದಬ್ಬುತ್ತಿದ್ದಳು.

"ಹೋಗು, ಕೆಳಗಿನ ಆ ಪುಕ್ಕಟೆ ಪ್ರಯಾಣಿಕನ್ನ ಕರ್ಕೊಂಡು ಬಾ."

ಜೆರಾಕ್ಸಿನವನು ಪೆನ್‌ಡ್ರೈವ್ ಹಿಡಿದು, ಬಾಯಿ ಕಿವಿವರೆಗೆ ಅಗಲಿಸಿಕೊಂಡು ಬಂದ. "ಕೊನೆಗೂ ನಮ್ಮ ಬಸ್ಸಿಗೇ ಬಂದ್ರಾ ಕಂಡಕ್ಟರಮ್ಮ?"

"ಹಲ್ಲು ಕಿರೀಬೇಡ. ನನ್ಹತ್ರ ಟಿಕೆಟ್ ಇದೆ, ನಿನ್ಹತ್ರ ಇಲ್ಲ. ಬಸ್ಸು ಕೆಟ್ಟು ನಿಂತ್ರೆ ಟಿಕೆಟ್ ಇರೋರನ್ನ ಹಿಂದೆ ಬರೋ ಬಸ್ಸಿಗೆ ಹತ್ತಿಸ್ಬೇಕು, ಅದು ರೂಲು. ಹತ್ತಿಸ್ತಿದೀನಿ."

ಅರ್ಧ ಗಂಟೆಯಲ್ಲಿ ಊರು ತೆರೆಯಿತು. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಬಸ್ಸು ನಿಂತಲ್ಲೇ ಇತ್ತು. "ರೈಟ್," ಅಂದಳು. ಅದು ಹೊರಟಿತು.

ತೂತಿನ ಚೀಟಿಯನ್ನು ಕಂಪ್ಯೂಟರಿನ ಮೇಲೆ ಅಂಟಿಸಿದ್ದಾಳೆ. ಕಂಪನಿಯಿಂದ ಈಗಲೂ ವಾರಕ್ಕೊಮ್ಮೆ ನೆನಪೋಲೆ ಬರುತ್ತದೆ, ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿದ್ದೇವೆ ಎಂದು. ಅವಳು ಅದಕ್ಕೆ ಉತ್ತರ ಬರೆದಿಲ್ಲ. ಊರಿನ ಆಚೆ ತುದಿಯಲ್ಲಿ, ಕೊಳಚೆ ನೀರಿನ ಕೊಳದ ಪಕ್ಕ, ಒಂದು ದೊಡ್ಡ ಕಟ್ಟಡ ಕಟ್ಟಿ ಅದಕ್ಕೆ ಆ ಕಂಪನಿಯ ಹೆಸರಿಟ್ಟಿದ್ದಾಳೆ. ನಲವತ್ತೆರಡು ಮಾರ್ಗಗಳಲ್ಲಿ ಒಂದು ಬಸ್ಸೂ ಆ ಕಡೆಗೆ ಹೋಗುವುದಿಲ್ಲ.