ಅರ್ಜಿಯೊಳಗೆ ಒಂದು ಡಾನಿಬ್ರೂಕ್

ದಿನಾ ಬೆಳಿಗ್ಗೆ ನನ್ನ ಫೋನಿಗೆ ಒಂದು ಇಂಗ್ಲಿಷ್ ಪದ ಬರುತ್ತದೆ. ಪದದ ಕೆಳಗೆ ಅದರ ಅರ್ಥ, ಅರ್ಥದ ಕೆಳಗೆ ಒಂದು ಅಪ್ಪಣೆ: ಇವತ್ತು ಈ ಪದವನ್ನು ಮೂರು ವಾಕ್ಯಗಳಲ್ಲಿ ಬಳಸಿ. ಮೇಷ್ಟರ ಮಾತು ಕೇಳದೆ ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಫೋನಿನ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತೇನೆ. ಡುಮ್ಕಿ ಹೊಡೆದವನಿಗೇ ಇಂಗ್ಲಿಷಿನ ಹುಚ್ಚು ಜಾಸ್ತಿ. ಪಾಸಾದವರು ಅದನ್ನು ಮರೆತು ಸುಖವಾಗಿದ್ದಾರೆ.

ನನ್ನ ಕಸುಬು ಅರ್ಜಿ ಬರೆಯುವುದು. ಸರ್ಕಾರಿ ಕಚೇರಿಯೊಂದರ ಎದುರು ತಗಡಿನ ಶೀಟಿನ ಕೆಳಗೆ ಒಂದು ಮೇಜು, ಒಂದು ಲ್ಯಾಪ್‌ಟಾಪು, ಜನ ಸೇರಿದಾಗಲೇ ನೋಡಿಕೊಂಡು ಕೈಕೊಡುವ ಒಂದು ಪ್ರಿಂಟರು. ಯಾವ ಕಚೇರಿ ಎಂದು ಕೇಳಬೇಡಿ. ಚಳ್ಳಕೆರೆಯಲ್ಲೂ ಕೂತಿದ್ದೇನೆ, ಮೊಳಕಾಲ್ಮೂರಿನಲ್ಲೂ ಕೂತಿದ್ದೇನೆ, ಇನ್ನೂ ಅಲ್ಲೇ ನನ್ನ ಅನ್ನ ಹುಟ್ಟಬೇಕು.

ಅವತ್ತು ಬಂದ ಪದ ಡಾನಿಬ್ರೂಕ್. ಗದ್ದಲದ ಜಗಳ, ಬೀದಿಯಲ್ಲಿ ನಡೆಯುವ ದೊಡ್ಡ ರಂಪ ಎಂದು ಅರ್ಥ. ನೋಡಿದ ಕೂಡಲೇ ಮನಸ್ಸು ಕುಣಿಯಿತು. ನಮ್ಮ ಕಡೆ ಜಗಳಕ್ಕೆ ಬರವಿಲ್ಲ, ಜಗಳದ ಮಾತಿಗೂ ಬರವಿಲ್ಲ. ರಂಪ, ರಗಳೆ, ಕಿತ್ತಾಟ, ಕೂಗಾಟ, ಗಲಾಟೆ ಇವೆ. ಸಂತೆಯಲ್ಲಿ ಲಡಾಯಿ ಅನ್ನುವವರಿದ್ದಾರೆ, ಆಂಧ್ರದ ಗಡಿ ಹತ್ತಿರವಾದಂತೆ ಗೊಡವ ಶುರುವಾಗುತ್ತದೆ. ಇಷ್ಟು ಸಾಲದು ಎಂಬಂತೆ ನಾನು ಎಲ್ಲೋ ಸಮುದ್ರದಾಚೆಯಿಂದ ಇನ್ನೊಂದನ್ನು ತರಿಸಿಕೊಂಡಿದ್ದೆ.

ಮೊದಲ ವಾಕ್ಯವನ್ನು ಮನೆಯಲ್ಲೇ ಖರ್ಚು ಮಾಡಿದೆ. ನನ್ನ ಹೆಂಡತಿ ಬೀದಿ ನಲ್ಲಿಯಿಂದ ಕೊಡ ಹೊತ್ತು ಬಂದಳು. ಮುಖ ಕೆಂಪಾಗಿತ್ತು, ಸೆರಗು ಸೊಂಟಕ್ಕೆ ಬಿಗಿದಿತ್ತು. ಅಂದರೆ ಅಲ್ಲಿ ಯಾರೊಂದಿಗೋ ಮುಖಾಮುಖಿ ಮುಗಿಸಿಯೇ ಬಂದಿದ್ದಳು.

“ಏನು, ನಲ್ಲಿ ಹತ್ರ ಇವತ್ತು ಡಾನಿಬ್ರೂಕ್ ಆದಂಗೈತೆ?” ಎಂದೆ.

ಅವಳು ಕೊಡ ಇಳಿಸಿ ನನ್ನನ್ನು ದಿಟ್ಟಿಸಿದಳು. “ಬೈಯೋದಾದ್ರೆ ಕನ್ನಡದಾಗೆ ಬೈರಿ, ತಡ್ಕೊಂತೀನಿ. ಹಿಂಗೆ ಗೊತ್ತಾಗ್ದಂಗೆ ಬೈಬ್ಯಾಡ್ರಿ.”

ಎರಡನೆಯ ವಾಕ್ಯ ಹೋಟೆಲಿನಲ್ಲಿ, ಚಹಾ ಕುಡಿಯುವಾಗ. ಪಕ್ಕದ ಜೆರಾಕ್ಸ್ ಅಂಗಡಿಯ ಗೆಳೆಯ ನನ್ನ ವಯಸ್ಸಿನವನು, ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಮಾತಾಡುವವನು. ಹಿಂದಿನ ದಿನ ಬಸ್‌ ಸ್ಟ್ಯಾಂಡಿನಲ್ಲಿ ಆಟೋದವರ ನಡುವೆ ಆದ ಹೊಡೆದಾಟವನ್ನು ಅವನು ಬಣ್ಣಿಸುತ್ತಿದ್ದ. “ಒಳ್ಳೆ ಡಾನಿಬ್ರೂಕೇ ಆಯ್ತು ಅನ್ನು” ಎಂದು ಮಧ್ಯೆ ತೂರಿಸಿದೆ. ಅವನು ಲೋಟ ಕೆಳಗಿಟ್ಟ. “ಅದೇನ್ಲೇ ಡಾನಿಬ್ರೂಕು ಗೀನಿಬ್ರೂಕು? ಗೊಡವ ಅಂದ್ರೆ ನಿನ್ನ ಗಂಟು ಹೋಗ್ತೈತಾ?” ಎಂದ. ಹೋಟೆಲಿನವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ಒಳಗೊಳಗೇ ಉರಿಯಿತು. ಇವರಿಗೆಲ್ಲ ಹೇಳಿ ಏನು ಪ್ರಯೋಜನ, ಈ ಪದದ ಬೆಲೆ ಗೊತ್ತಾಗುವ ಜಾಗದಲ್ಲೇ ಇದನ್ನು ಬಳಸುತ್ತೇನೆ ಎಂದು ಹಟ ಬಂತು. ಮೂರನೆಯ ವಾಕ್ಯ ಬಾಕಿಯಿತ್ತು.

ಮೇಜಿಗೆ ವಾಪಸು ಬಂದಾಗ ಒಬ್ಬ ಮುದುಕಿ ನೆಲದ ಮೇಲೆ ಕೂತು ಕಾಯುತ್ತಿದ್ದಳು. ಇಲ್ಲೇ ನಮ್ಮ ಸಿದ್ದಾಪುರದ ಕಡೆಯ ಹಳ್ಳಿ, ಕುರಿ ಮೇಯಿಸುವ ಮನೆತನ. ಸೊಸೆ ಕೂಲಿಗೆ ಹೋಗುತ್ತಾಳೆ, ಕುರಿಯ ಹಿಂದೆ ಈಕೆಯೇ ಹೋಗಬೇಕು. ಅವಳ ಕಷ್ಟ ತುಂಬ ಸಣ್ಣದು, ತುಂಬ ಸ್ಪಷ್ಟ. ಅದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ, ಯಾಕೆಂದರೆ ಅವತ್ತು ನಾನು ಹಾಗೆ ಬರೆಯಲಿಲ್ಲ.

“ಗುಡ್ಡದ ಬುಡದಾಗಿಂದ ಗೋಕಟ್ಟೆಗೆ ಒಂದು ದಾರಿ ಐತೆ ತಮ್ಮ. ನಮ್ಮ ಮಾವನ ಕಾಲದಿಂದ ಕುರಿ ಅಲ್ಲೇ ನೀರಿಗೆ ಹೋಗ್ತಾವೆ. ಈಗ ದಾಳಿಂಬೆ ತೋಟ ಮಾಡಿದೋನು ಕಲ್ಲು ನೆಟ್ಟು ತಂತಿ ಎಳ್ದವ್ನೆ. ಸುತ್ತಿ ಬಂದ್ರೆ ಟಾರ್ ರೋಡು. ಲಾರಿ ನಿಲ್ತಾವಾ? ಎರಡು ಮರಿ ಹೋದ್ವು. ನಿನ್ನೆ ಹೋಗಿ ತಂತಿ ತೆಗಿಯಪ್ಪ ಅಂತ ಕೂಗಿದೆ. ಅವ್ನು ಬಾಯಿ ಬಿಡ್ಲಿಲ್ಲ. ಫೋನು ಹಿಡ್ಕೊಂಡು ನಾನು ಕೂಗೋದ್ನ ತಕ್ಕೊಂತಾ ನಿಂತಿದ್ದ. ನಕಾಶೆದಾಗೂ ದಾರಿ ಐತಂತೆ, ಗ್ರಾಮ ಲೆಕ್ಕಿಗರೇ ಹೇಳವ್ರೆ. ತಂತಿ ತೆಗೆಸ್ರಿ ಅಂತ ಬರಿ ತಮ್ಮ. ಅಷ್ಟೇ.”

ಅಷ್ಟೇ! ಅಷ್ಟೇ ಬರೆದರೆ ಅರ್ಜಿ ಬರೆಯುವವನ ಮರ್ಯಾದೆ ಎಲ್ಲಿ ಉಳಿಯಬೇಕು? ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಚರಂಡಿ ಕಟ್ಟಿಕೊಂಡರೂ, ಎಮ್ಮೆ ಕಳೆದುಹೋದರೂ, ‘ಸಾರ್ವಜನಿಕ ಶಾಂತಿಗೆ ಧಕ್ಕೆ ಉಂಟಾಗುವ ಸಂಭವವಿರುತ್ತದೆ’ ಎಂದು ಒಂದು ಸಾಲು ಸೇರಿಸುತ್ತೇವೆ. ಆ ಸಾಲು ಕಂಡರೆ ಮಲಗಿದ ಫೈಲು ಎದ್ದು ಕೂರುತ್ತದೆ ಎಂಬ ನಂಬಿಕೆ. ಕಟ್ಟಿಕೊಂಡ ಚರಂಡಿಯಿಂದ ಯಾವ ಶಾಂತಿ ಕೆಡುತ್ತದೆ ಎಂದು ಇದುವರೆಗೂ ಯಾರೂ ಕೇಳಿಲ್ಲ.

ಹೀಗಾಗಿ ನಾನು ಬೆರಳ ನೆಟಿಗೆ ಮುರಿದು ಟೈಪಿಸತೊಡಗಿದೆ: ‘ಸದರಿ ದಿನ ಬೆಳಿಗ್ಗೆ ಸದರಿ ಸ್ಥಳದಲ್ಲಿ ಉಭಯ ಪಕ್ಷಗಳ ನಡುವೆ ಭೀಕರ ಡಾನಿಬ್ರೂಕ್ ಉಂಟಾಗಿ, ಸುತ್ತಮುತ್ತಲ ಗ್ರಾಮಗಳಲ್ಲಿ ಸಾರ್ವಜನಿಕ ಶಾಂತಿಗೆ ಧಕ್ಕೆ ಉಂಟಾಗುವ ಸಂಭವವಿರುತ್ತದೆ.’ ಎಂಥ ವಾಕ್ಯ! ಫೋನು ನೋಡಿದ್ದರೆ ಬೆನ್ನು ತಟ್ಟುತ್ತಿತ್ತು. ಆ ವಾಕ್ಯದ ಅಂದ ಕೆಡಬಾರದೆಂದು ನಕಾಶೆಯ ವಿಷಯ ಕೈಬಿಟ್ಟೆ, ಅದಕ್ಕೆ ಪುಟದಲ್ಲಿ ಜಾಗವೂ ಉಳಿದಿರಲಿಲ್ಲ. ತಂತಿಯನ್ನು ಕೊನೆಗೆ ‘ಸೂಕ್ತ ಕ್ರಮ’ದೊಳಗೆ ಹೇಗೋ ತುರುಕಿದೆ.

ಟೈಪಿಸಿದ ಮೇಲೆ ಅರ್ಜಿದಾರರಿಗೆ ಓದಿ ಹೇಳುವುದು ನಮ್ಮ ಪದ್ಧತಿ. ಓದು ಬಾರದವರು ತಲೆಯಾಡಿಸಿದ ಮೇಲೆಯೇ ಹೆಬ್ಬೆಟ್ಟು. ನಾನು ಹರಿಕಥೆಯ ದಾಸರಂತೆ ರಾಗವಾಗಿ ಓದಿದೆ. ಆ ಪದ ಬಂದಾಗ ಅವಳು ತಲೆಯಾಡಿಸುವುದನ್ನು ನಿಲ್ಲಿಸಿದಳು.

“ನಡುವೆ ಒಂದು ಬಂತಲ್ಲ ತಮ್ಮ, ಅದೇನು?”

“ಅದು ಸಾಹೇಬ್ರಿಗೆ ಗೊತ್ತಾಗೋ ಮಾತು ಬಿಡವ್ವ.”

“ದೊಡ್ಡ ಮಾತಾ? ಹಾಕು ಹಾಕು. ಗಟ್ಟಿಯಾಗಿರ್ಲಿ” ಎಂದು ಹೆಬ್ಬೆಟ್ಟು ಒತ್ತಿದಳು. ಆ ವಿಶ್ವಾಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆವತ್ತು ಆಗಲಿಲ್ಲ, ಆವತ್ತು ಹೆಮ್ಮೆಯಾಯಿತು.

ಅರ್ಜಿ ಕೊಡಲು ಅವಳ ಜೊತೆ ನಾನೇ ಒಳಗೆ ಹೋದೆ. ಅವಳ ಮೇಲಿನ ಕಾಳಜಿಯಿಂದಲ್ಲ. ಅರ್ಜಿ ತೆಗೆದುಕೊಳ್ಳುವ ಕೇಸ್ ವರ್ಕರು ಆ ಪದ ಓದುವಾಗ ಅವರ ಮುಖ ನೋಡಬೇಕಿತ್ತು. ಅವರು ಕನ್ನಡಕ ಏರಿಸಿ ಓದುತ್ತಾ ಬಂದು ಅಲ್ಲಿ ಗಕ್ಕನೆ ನಿಂತರು. ನನ್ನನ್ನು ನೋಡಿದರು. ‘ನಿಮಗೆ ಗೊತ್ತಿಲ್ಲದ್ದೇನಿದೆ ಸಾರ್’ ಎಂಬಂತೆ ನಾನೂ ಅವರನ್ನೇ ನೋಡಿದೆ. ಇದರ ಅರ್ಥವೇನು ಎಂದು ಒಂದು ಮಾತು ಕೇಳಿದ್ದರೆ ಜಗಳ ಎಂದು ಹೇಳಿಬಿಡುತ್ತಿದ್ದೆ, ಅವರು ನಕ್ಕು ಅದನ್ನು ಹೊಡೆದುಹಾಕಿ ತಂತಿಯ ವಿಷಯಕ್ಕೆ ಬರುತ್ತಿದ್ದರೇನೋ. ಆದರೆ ಕುರಿ ಕಾಯುವವಳ ಮುಂದೆ, ಅರ್ಜಿ ಬರೆಯುವವನನ್ನು, ಇಂಗ್ಲಿಷ್ ಪದದ ಅರ್ಥ ಕೇಳುವುದೆ? ಅವರ ಎಡಗೈ ಮೇಜಿನ ಕೆಳಗೆ ಹೋಯಿತು. ಹೆಬ್ಬೆರಳು ಫೋನಿನ ಮೇಲೆ ಓಡಾಡುವುದು ನನಗೆ ಕಾಣಿಸುತ್ತಿತ್ತು.

ಒಂದು ನಿಮಿಷ ಕಳೆದು ಅವರು ತಲೆಯೆತ್ತಿದರು. “ಹೌದೌದು, ಡಾನಿಬ್ರೂಕ್. ಇತ್ತೀಚೆಗೆ ನಮ್ ಕಡೆ ಜಾಸ್ತಿ ಆಗ್ಬಿಟ್ಟಿದೆ ಕಣ್ರೀ” ಎಂದು ಗಂಭೀರವಾಗಿ ಹೇಳಿ, ಅರ್ಜಿಯ ಮೂಲೆಯಲ್ಲಿ ಏನೋ ಗೀಚಿ ಪಕ್ಕಕ್ಕಿಟ್ಟರು.

ನಾನು ಹೊರಗೆ ಬಂದು ಜೆರಾಕ್ಸಿನ ಗೆಳೆಯನಿಗೆ ಇದನ್ನು ಅಭಿನಯಿಸಿ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ವಾರವೆಲ್ಲ ಕಚೇರಿಯಲ್ಲಿ ನನ್ನ ಪದದ್ದೇ ದರ್ಬಾರು. ಜವಾನ ಮತ್ತು ಡ್ರೈವರು ಕುರ್ಚಿಗಾಗಿ ಮಾತಿಗೆ ಮಾತು ಬೆಳೆಸಿದರೆ ಡಾನಿಬ್ರೂಕ್, ಮೀಟಿಂಗಿನಲ್ಲಿ ಯಾರೋ ದನಿಯೇರಿಸಿದರೆ ಡಾನಿಬ್ರೂಕ್. ಕಚೇರಿ ಬಾಗಿಲಲ್ಲಿ ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುದುಕಿ ಮತ್ತೆ ಬಂದಳು. ಕೈಯಲ್ಲೊಂದು ನೋಟೀಸು. ತಂತಿ ತೆಗೆಸುವ ಕಾಗದ ಬಂತೆಂದು ಅವಳ ಮುಖ ಅರಳಿತ್ತು. “ಓದು ತಮ್ಮ, ಯಾವತ್ತು ತೆಗೀತಾರಂತೆ?”

ಓದಿದೆ. ಡಾನಿಬ್ರೂಕ್ ಪ್ರಕರಣಕ್ಕೆ ಸಂಬಂಧಿಸಿದಂತೆ ಉಭಯ ಪಕ್ಷಗಳೂ ಹಾಜರಾಗಿ, ಶಾಂತಿ ಕಾಪಾಡುವ ಬಗ್ಗೆ ಮುಚ್ಚಳಿಕೆ ಯಾಕೆ ಬರೆದುಕೊಡಬಾರದು ಎಂಬುದಕ್ಕೆ ಕಾರಣ ತಿಳಿಸಬೇಕು ಎಂದಿತ್ತು. ತಂತಿ ಎಂಬ ಮಾತು ಅದರಲ್ಲಿ ಹುಡುಕಿದರೂ ಇರಲಿಲ್ಲ. “ಕರೆದಿದ್ದಾರೆ ಅವ್ವ, ವಿಚಾರಣೆಗೆ” ಎಂದಷ್ಟೇ ಹೇಳಿದೆ.

ವಿಚಾರಣೆಯ ದಿನ ತೋಟದವನು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು ಬಂದಿದ್ದ. ಮುದುಕಿ ಕೂಗುವ ವಿಡಿಯೊವನ್ನು ವಿಚಾರಣೆಗೆ ಕೂತ ಸಾಹೇಬರಿಗೆ ತೋರಿಸಿದ. “ನನಗೆ ಜಗಳ ಬೇಡ ಸಾರ್. ನಾನು ಇವರ ತಂಟೆಗೂ ಹೋಗೋದಿಲ್ಲ, ಆ ದಾರಿ ಕಡೆ ಮುಖಾನೂ ಹಾಕೋದಿಲ್ಲ. ಎಲ್ಲಿ ಬೇಕಾದ್ರೂ ಸಹಿ ಮಾಡ್ತೀನಿ” ಎಂದ. ಯಾಕೆ ಮಾಡುವುದಿಲ್ಲ? ದಾರಿ ಮುಚ್ಚಿದವನಿಗೆ ಅದರ ಮೇಲೆ ನಡೆಯುವ ದರ್ದಿಲ್ಲ.

“ಸಾಹೇಬ್ರೆ, ತಂತಿ?” ಎಂದಳು ಮುದುಕಿ.

“ಅದು ಬೇರೆ ವಿಷಯ ಅಜ್ಜಿ. ಈ ಫೈಲಲ್ಲಿರೋದು ಜಗಳ. ನೀವೇ ಕೊಟ್ಟಿರೋ ಅರ್ಜಿ ಇದು. ಉಭಯ ಪಕ್ಷಗಳು ಅಂತ ನೀವೇ ಬರೆಸಿದ್ದೀರಲ್ಲ.” ಸಾಹೇಬರು ಕೆಟ್ಟವರಲ್ಲ. ಕಾಗದದಲ್ಲಿದ್ದದ್ದನ್ನು ಓದಿದರು, ಅಷ್ಟೇ. ಕಾಗದದಲ್ಲಿದ್ದದ್ದು ನಾನು.

ಇಬ್ಬರೂ ಒಂದು ವರ್ಷದ ಅವಧಿಗೆ ಮುಚ್ಚಳಿಕೆ ಬರೆದುಕೊಡಬೇಕೆಂದಾಯಿತು. ಟೈಪಿಸಲು ಅದೂ ನನ್ನ ಮೇಜಿಗೇ ಬಂತು. ‘ನಾನು ಇನ್ನು ಮುಂದೆ ವಿವಾದಿತ ಸ್ಥಳಕ್ಕೆ ಹೋಗಿ ಯಾವುದೇ ರೀತಿಯ ಡಾನಿಬ್ರೂಕ್‌ನಲ್ಲಿ ತೊಡಗುವುದಿಲ್ಲ’ ಎಂದು ಕೇಸ್ ವರ್ಕರೇ ಪಕ್ಕದಲ್ಲಿ ನಿಂತು ಹೇಳಿ ಬರೆಸಿದರು. ಆ ಪದ ಹೇಳುವಾಗ ಅವರ ನಾಲಿಗೆ ಎಲ್ಲೂ ತಡವರಿಸಲಿಲ್ಲ. ಬರೆದುಕೊಂಡೆ. ಆಮೇಲೆ ಪದ್ಧತಿಯಂತೆ ಮುದುಕಿಗೆ ಓದಿ ಹೇಳಬೇಕಾಯಿತು. ಈ ಸಲ ರಾಗವಿಲ್ಲದೆ ಓದಿದೆ.

“ಅದೇ ಮಾತು ಮತ್ತೆ ಬಂತಲ್ಲ” ಎಂದಳು. “ಈಗಾದ್ರೂ ಹೇಳು ತಮ್ಮ, ಅಂಗಂದ್ರೇನು?”

“ಜಗಳ ಅಂತ ಅವ್ವ. ಜೋರು ಜಗಳ.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ನಾನು ಜಗಳ ಎಲ್ಲಿ ಆಡಿದೆ? ಅವ್ನು ತಂತಿ ಎಳ್ದ, ನಾನು ತೆಗಿ ಅಂದೆ. ಅವ್ನು ಬಾಯೇ ಬಿಡ್ಲಿಲ್ಲ ಅಂತ ನಿಂಗೆ ಹೇಳಿದ್ನಲ್ಲ. ಒಬ್ಬಾಕಿ ಕೂಗಿದ್ರೆ ಅದು ಜಗಳ ಹೆಂಗಾಗ್ತೈತೆ ತಮ್ಮ?”

ಅವಳಿಗೆ ಆದದ್ದು ಅನ್ಯಾಯ. ನಾನು ಅದಕ್ಕೆ ಜಗಳ ಎಂದು ಹೆಸರಿಟ್ಟು, ಅವಳನ್ನೂ ತಂತಿ ಎಳೆದವನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದೆ. ಅಚ್ಚ ಕನ್ನಡದಲ್ಲಿ ಕಿತ್ತಾಟ ಎಂದು ಬರೆದಿದ್ದರೂ ಅದು ಅಷ್ಟೇ ತಪ್ಪು. ಆದರೆ ಕಿತ್ತಾಟ ಎಂದು ಓದಿದ್ದರೆ ಅವಳೇ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಅವಳು ತಡೆಯಲಾಗದ ಪದವನ್ನೇ ಹುಡುಕಿ ಹಾಕಿದ್ದು ನಾನು. ಅವಳು ಮಸಿಯ ಡಬ್ಬಿಗೆ ಹೆಬ್ಬೆಟ್ಟು ಅದ್ದಿ, ನಾನು ತೋರಿಸಿದ ಕಡೆ ಒತ್ತಿದಳು.

ಮಾರನೆಯ ದಿನ ನಾನೇ ಹೊಸ ಅರ್ಜಿ ಬರೆದೆ. ನಕಾಶೆಯಲ್ಲಿ ಕಂಡ ದಾರಿಗೆ ತಂತಿ ಎಳೆದಿದ್ದಾರೆ, ತೆಗೆಸಿಕೊಡಿ. ಎರಡೇ ಸಾಲು. ಅವಳ ಹಳ್ಳಿಗೇ ಹೋಗಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು ಕೊಟ್ಟೆ. ಕೇಸ್ ವರ್ಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಏನ್ರೀ ಇದು, ನೀವು ಬರೆದ ಹಾಗಿಲ್ಲ, ತೂಕಾನೇ ಇಲ್ಲ. ಮೇಲಾಗಿ ಆ ಜಾಗಕ್ಕೆ ಹೋಗಲ್ಲ ಅಂತ ಮುಚ್ಚಳಿಕೆ ಕೊಟ್ಟಿದ್ದಾರೆ. ಹೋಗದಿರೋ ಜಾಗಕ್ಕೆ ದಾರಿ ಯಾಕೆ? ಅವಧಿ ಮುಗೀಲಿ, ಆಮೇಲೆ ನೋಡೋಣ” ಎಂದು ನನ್ನ ಕೈಗೇ ವಾಪಸು ಕೊಟ್ಟರು. ವಾದಿಸಿದೆ. ದನಿ ಏರಿಸಿದೆ. ಪಕ್ಕದ ಮೇಜಿನವರು ಬಾಯಿಗೆ ಕೈ ಅಡ್ಡ ಹಿಡಿದು, “ನೋಡ್ರೀ, ಇಲ್ಲೇ ಶುರುವಾಯ್ತು ಡಾನಿಬ್ರೂಕ್” ಎಂದರು. ಇಡೀ ಕೋಣೆ ನಕ್ಕಿತು. ನಾನು ಹೊರಗೆ ಬಂದೆ.

ಕೆಲವು ದಿನ ಬಿಟ್ಟು ದೇವಸಮುದ್ರದ ಕಡೆ ಕೆಲಸವಿತ್ತು, ಬಸ್ಸಿನಲ್ಲಿ ಹೋಗುತ್ತಿದ್ದೆ. ಮುದುಕಿಯ ಹಳ್ಳಿ ಹತ್ತಿರ ರಸ್ತೆ ತುಂಬ ಕುರಿ. ಬಸ್ಸು ಹಾರ್ನು ಹೊಡೆಯುತ್ತಾ ತೆವಳಿತು. ಡ್ರೈವರು ತಲೆ ಹೊರಗೆ ಹಾಕಿ, “ಏ ಮುದುಕಿ, ನಿಂಗೆ ಬ್ಯಾರೆ ದಾರಿ ಇಲ್ಲೇನು?” ಎಂದು ಕೂಗಿದ. ಆಕೆ ಒಂದು ಕುಂಟುವ ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೋಲಿನಿಂದ ಉಳಿದವನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನಾನು ಮುಖ ತಿರುಗಿಸುವಷ್ಟರಲ್ಲಿ ಕಿಟಕಿಯಲ್ಲಿ ನನ್ನನ್ನು ಕಂಡುಬಿಟ್ಟಳು. ಕಂಡು ನಕ್ಕಳು.

“ತಮ್ಮಾ, ಹೊಸ ಅರ್ಜಿ ಏನಾತು?”

“ನಡೀತೈತೆ ಅವ್ವ” ಎಂದೆ. ಅದು ನನ್ನ ತೊಡೆಯ ಮೇಲಿದ್ದ ಚೀಲದಲ್ಲೇ ಇತ್ತು.